ಹದಿನಾಲ್ಕು ನಿಮಿಷ

ಸೆತೂಬಲ್ ಬಂದರಿನಲ್ಲಿ ಒಂದೊಂದು ಕಾರ್ಖಾನೆಗೂ ಒಂದೊಂದು ಕೂಗು.
ದೋಣಿ ಬಂದ ಹೊತ್ತೇ ನಮ್ಮ ಹೊತ್ತು, ರಾತ್ರಿ ಎರಡಾದರೂ ಸರಿ.
ನಾನು ಸೈರನ್ನಿನ ಹಗ್ಗ ಜಗ್ಗಿದರೆ
ಏರು ಓಣಿಗಳಲ್ಲಿ ದೀಪ ಹತ್ತುತ್ತಿದ್ದವು,
ನಮ್ಮ ಕೂಗಿಗೆ ಓಗೊಡುವ ಮನೆಗಳಲ್ಲಿ ಮಾತ್ರ.
ಮರದ ಚಪ್ಪಲಿಗಳ ಟಕಟಕ ಇಳಿದು ಬರುತ್ತಿತ್ತು.

ನನಗಾಗ ಇಪ್ಪತ್ತಾರು. ಹೊಸ ಕೋಟು, ಮಾವನ ಶಿಫಾರಸು,
ಜೇಬಿನಲ್ಲಿ ಸರಪಳಿ ಗಡಿಯಾರ.
ಎಪ್ಪತ್ತು ಹೆಂಗಸರೆಂದರೆ ನನಗೆ
ಎಪ್ಪತ್ತು ಏಪ್ರನ್ನು, ಎಪ್ಪತ್ತು ನಂಬರು.

ನಲವತ್ತೊಂದು ಆ ರಾತ್ರಿ ಹದಿನಾಲ್ಕು ನಿಮಿಷ ತಡ.
ಎಲ್ಲರೆದುರು ಗಡಿಯಾರ ಎತ್ತಿ ಹಿಡಿದೆ,
ಒಂದು ತಾಸಿನ ಕೂಲಿ ಮುರಿದುಕೊಂಡೆ.
ಯಾಕೆ ತಡ ಅಂತ ಕೇಳಲಿಲ್ಲ.
ಆಕೆಯೂ ಹೇಳಲಿಲ್ಲ. ತಲೆವಸ್ತ್ರ ಬಿಗಿದುಕೊಂಡು
ಸಾರ್ಡೀನುಗಳ ತಲೆ ಚಿವುಟತೊಡಗಿದಳು.

ಸಾಲಿನಿಂದ ಸಾಲಿಗೆ ಹರಿಯುತ್ತಿದ್ದ ಹಾಡು ಮಾತ್ರ
ಪಲ್ಲವಿಗೆ ಮರಳದೆ ನಿಂತುಬಿಟ್ಟಿತು.

ಒಳ್ಳೆಯದೇ ಆಯಿತು ಅಂದುಕೊಂಡೆ, ನಿಜ ಹೇಳುತ್ತೇನೆ.
ಡಬ್ಬಿಗಳ ಲೆಕ್ಕದಲ್ಲಿ ಒಂದೂ ಕಡಿಮೆಯಿಲ್ಲ.
ಎಣ್ಣೆಯಲ್ಲಿ ಬೆಳ್ಳಿ ಬೆನ್ನುಗಳು ಒತ್ತೊತ್ತಾಗಿ ಮಲಗಿದ್ದವು,
ರಿಜಿಸ್ಟರಿನಲ್ಲಿ ಎಲ್ಲೂ ಕೆಂಪು ಶಾಯಿಯಿಲ್ಲ.

ಹನ್ನೊಂದನೆಯ ದಿನ ಗೋದಾಮಿನಲ್ಲಿ
ಡಬ್ಬಿಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು.
ಒಂದಲ್ಲ ಎರಡಲ್ಲ, ನಾಲ್ಕು ಸಾವಿರ.
ಮುಚ್ಚಳ ಒತ್ತುವ ಯಂತ್ರ
ಕೂದಲೆಳೆಯಷ್ಟು ಜಾರಿತ್ತಂತೆ.

"ನಿಮಗೆ ಗೊತ್ತಿತ್ತಾ?" ಕಿರುಚಿದೆ.
ಎಪ್ಪತ್ತು ಜೋಡಿ ಕೈ ನಿಂತವು.
"ಗೊತ್ತಿತ್ತು," ಅಂದಳು ನಲವತ್ತೊಂದು.
"ಅದರ ಸದ್ದೇ ಬೇರೆಯಾಗಿತ್ತು. ನೀವು ಕೇಳಲಿಲ್ಲ."

ಸದ್ದನ್ನೋ, ತಮ್ಮನ್ನೋ,
ಯಾವುದನ್ನು ಎಂದು ಆಕೆ ಬಿಡಿಸಿ ಹೇಳಲಿಲ್ಲ.

ಅಂದು ರಾತ್ರಿ ಕೂಲಿ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ,
ನಂಬರು ಬಿಟ್ಟು ಹೆಸರು, ಮಗ್ಗಿಯ ಹಾಗೆ ಬಾಯಿಪಾಠ:
ಝುಲ್ಮೀರಾ, ಎರ್ಮೆಲಿಂದಾ, ಇಬ್ಬರು ಕಾಸಿಲ್ದಾ...
ನಲವತ್ತೊಂದು, ಫೆಲಿಸ್ಮೀನಾ.
ಇಪ್ಪತ್ತೆರಡು ವರ್ಷದ ದುಡಿತ.
ಅಂದರೆ ನಾನು ನಾಲ್ಕು ವರ್ಷದ ಪೋರ,
ಚಮಚ ಹಿಡಿಯಲು ಕಲಿಯುತ್ತಿದ್ದ ಕಾಲದಿಂದ.

ಬೈದದ್ದು ಊರೆಲ್ಲ ನೋಡುವಂತೆ,
ತಪ್ಪೊಪ್ಪುವುದು ಮಾತ್ರ ಕದ ಮುಚ್ಚಿಕೊಂಡು, ಹೇಗಾದೀತು?
ಮುಂದಿನ ಕೂಗಿಗೆ ಮಹಡಿಯಲ್ಲಿ ಉಳಿಯದೆ
ಗೇಟಿನ ಚಳಿಯಲ್ಲಿ ನಿಂತೆ.
ಬಂದವರ ಹೆಸರು ಹಿಡಿದು ಕರೆದೆ, ಮೂರು ತಪ್ಪಾದವು,
ಯಾರೋ ಮುಸಿನಕ್ಕರು.
ಎಲ್ಲರೂ ಸೇರಿದ ಮೇಲೆ ಒಂದು ತಾಸಿನ ಕೂಲಿ ಅಂಗೈಗಿಟ್ಟು
"ದೋನಾ ಫೆಲಿಸ್ಮೀನಾ, ತಪ್ಪು ನನ್ನದು" ಅಂದೆ.
ನಾಲಿಗೆ ಉಪ್ಪುಪ್ಪು.

ಆಕೆ ನಾಣ್ಯಗಳನ್ನು ಮೀನು ಎಣಿಸುವ ಹಾಗೆ
ಬೆರಳಲ್ಲೇ ಎಣಿಸಿದಳು.
ಒಂದಿಷ್ಟು ಬೇರ್ಪಡಿಸಿ ನನ್ನ ಕೈಗೇ ಹಿಂತಿರುಗಿಸಿದಳು.
"ಇದು ಹದಿನಾಲ್ಕು ನಿಮಿಷದ್ದು. ತಡವಾದದ್ದು ನಿಜ."

ಹಾಡು ಅವತ್ತು ಶುರುವಾಗಲಿಲ್ಲ. ಮರುವಾರವೂ ಇಲ್ಲ.
ಆದರೆ ಒಂದು ಬೆಳಗಿನ ಜಾವ
ಯಂತ್ರದ ಪಕ್ಕದಿಂದ ಒಂದು ಒದ್ದೆ ಕೈ ಬೀಸಿ ಕರೆಯಿತು:
"ಸ್ವಲ್ಪ ಬನ್ನಿ ಇಲ್ಲಿ, ಇದನ್ನು ಕೇಳಿ."

ಓಡಿದೆ.
ಗಡಿಯಾರ ಮಹಡಿಯ ಮೇಜಿನ ಮೇಲೆ
ತನ್ನಷ್ಟಕ್ಕೆ ನಡೆಯುತ್ತಿತ್ತು.