ಹನ್ನೊಂದು ಕಂದೀಲು

ಹತ್ತಿಗೆ ನೀರು ಹೊಡಿಯೋದರಾಗ
ಗದಗ ಪ್ಯಾಟಿಯಾಗ ಅಂದಾನೆಪ್ಪನ ಕೈ ಹಿಡಿಯೋರಿರಲಿಲ್ಲ.
ನಸಿಕಿನ್ಯಾಗೆದ್ದು, ಬಾಯಿತುಂಬ ನೀರು ತುಂಬಿಕೊಂಡು
ಅಂಡಿಗಿ ಮ್ಯಾಲ ಫುರ್ರ್ ಅಂತ ಊದತಿದ್ದ.
ಮಣಕ್ಕ ಒಂದು ಸೇರು ಲಾಭ.
ದೇವರು ಇಬ್ಬನಿ ಕೊಡೂದಿಲ್ಲೇನು,
ನಾನೂ ಒಂದೀಟು ಕೊಟ್ಟೆ, ಅನ್ನವ.

ಅಮೇರಿಕಾದಾಗ ಅಣ್ಣತಮ್ಮರು ಬಡಿದಾಡಿದರು,
ಇಂವ ಗಾಡಿ ಮೂಕಿಗೆ ಬೆಳ್ಳಿ ಹೊಡಿಸಿದ.
ಅಲ್ಲಿ ಜಗಳ ಮುಗೀತು,
ಬೆಳ್ಳಿ ಕಿತ್ತು ಕುಮಟಾದ ಸಾವಕಾರನ ಪೆಟ್ಟಿಗಿ ಸೇರ್ತು.
ಇನಸ್ಪೆಕ್ಟರ ಸಾಹೇಬ ಅಂಡಿಗಿ ಸೀಳಿಸಿ
ಪ್ಯಾಟಿ ನಟ್ಟನಡುವ ಬೆಂಕಿ ಇಡಿಸಿದಾಗ
ಉರೀಲಿಲ್ಲ, ಹಸಿ ಇತ್ತಲ್ಲ,
ಮೂರು ದಿನ ಬರೇ ಹೊಗಿ.

ಇದನ್ನ ನನಗ ಹೇಳಿದಾಕಿ ನಮ್ಮಜ್ಜಿ, ಆಕಿಗೆ ಆಕಿ ಮಾವ.
ಮಾವನ ಅಪ್ಪ ಮಕ್ತುಮಸಾಬ
ಮುನಸಿಪಾಲ್ಟಿ ದೀಪ ಹಚ್ಚವ.
ಹೆಗಲಿಗೆ ನಿಚ್ಚಣಿಕಿ, ಕೈಯಾಗ ಎಣ್ಣಿ ಡಬ್ಬಿ,
ಇಡೀ ಊರಿಗೆ ಹನ್ನೊಂದು ಕಂದೀಲು.

ದೊಡ್ಡ ಬರದಾಗ ಎರಡು ಗಂಡುಮಕ್ಕಳನ್ನ ಮಣ್ಣಿಗಿಟ್ಟು
ಅಂದಾನೆಪ್ಪ ಮೆಂಬರ ಆದ.
ಕಲೆಕ್ಟರಗ ಹೂಂ ಅನ್ನೋದೊಂದು ತಲಿ ಬೇಕಾಗಿತ್ತು ಅಂತಾರ.
ಎರಡು ವರ್ಷ ಹೂಂ ಅಂದ.
ಜರದ ರುಮಾಲು. ಜೀರ್ ಜೀರ್ ಅನ್ನೋ ಜೋಡು.
ಮೂರನೇ ವರ್ಷ, ರೈಲು ಬಂದ ವರ್ಷ,
ಒಂದು ಸಂಜಿ ಕಂದೀಲ ಕೆಳಗ ನಿಂತು ಕಿವಿಗೊಟ್ಟ.
ಬತ್ತಿ ಚಟಚಟ ಅಂತಿತ್ತು.

"ಮಕ್ತುಮ, ಎಣ್ಣಿಯಾಗ ನೀರದ."
"ಗುತ್ತೇದಾರರು ಕೊಟ್ಟದ್ದರಿ, ಧಣಿ."
"ಗೊತ್ತೋ. ನೀರಿನ ಮಾತು ನನಗ ತಿಳೀತದ."

ಗುತ್ತೇದಾರ ಅವನ ಖಾಸಾ ಬೀಗ.
ಆ ವರ್ಷ ಪಂಚಮಿಗೆ ಮಗಳು ತವರಿಗೆ ಬರಲಿಲ್ಲ,
ಮುಂದಿನ ವರ್ಷವೂ.
ಜೋಕಾಲಿ ಹಗ್ಗ ಅಟ್ಟದ ಮ್ಯಾಲೇ ಉಳೀತು.
ಇಂವ ಮಾತ್ರ ದಿನಾ ಹೊತ್ತು ಮುಳುಗೂದಕ್ಕ
ಕಚೇರಿ ಕಟ್ಟಿ ಮ್ಯಾಲ ಕೂತು ಎಣ್ಣಿ ಅಳಸವ,
ಚಟಾಕು ಚಟಾಕು, ಡಬ್ಬಿ ತಳಕ್ಕ ಕಡ್ಡಿ ಇಳಿಸಿ,
ಕಡ್ಡಿ ಮೂಸಿ ನೋಡಿ.
ಒಳ್ಳೆಯವ ಆದನೇನು? ಅಜ್ಜಿನ್ನ ಕೇಳಿದೆ.
ಯಾರಿಗೊತ್ತು, ಅಂದಳು,
ಅವನ ಅಂಗಡಿ ತಕ್ಕಡಿ ಕಡೀತನಾ ಒಂದು ಕಡೆ ವಾಲತಿತ್ತು.

ಗೆದ್ದಲು ತಿಂದು ಬಿಟ್ಟಷ್ಟು ರಿಜಿಸ್ಟರ ನಾನು ನೋಡೀನಿ.
ಒಂದು ಪುಟದಾಗ ಹೀಂಗದ:
ಅಂ. ತೋ. ಬಳಿಗಾರ, ಸದಸ್ಯರು, ಗೈರುಹಾಜರು,
ಕಾರಣ ತಿಳಿಸಿರುವುದಿಲ್ಲ.
ಕಾರಣ ಹಿಂದಿನ ದಿನ ಮಣ್ಣಾಗಿತ್ತು.
ಕೆಳಗಿನ ಸಾಲಿನಾಗ, ದುಂಡಗಿನ ಅಕ್ಷರದಾಗ,
ದೀಪದ ಎಣ್ಣೆಯ ಗುತ್ತಿಗೆ ಮಂಜೂರು.

ಆ ರಾತ್ರಿ ಮಕ್ತುಮಸಾಬ ಅವನ ಓಣಿಯಾಗ
ನಿಚ್ಚಣಿಕಿ ಇಳೀಲಾರದ ನಿಂತಿದ್ದನಂತ.
ಬತ್ತಿ
ಮಾತಾಡಾಕ ಹತ್ತಿತ್ತು.