ಕೇಪು

ತೊಗರಿಬೇಳೆಯಷ್ಟು ಹಿತ್ತಾಳೆ ಬಟ್ಟಲು,
ಒಳಗೆ ಒಂದು ಚಿಟಿಕೆ ಮುನಿಸು.
ಎರಡು ಡಬ್ಬಿ ತೆರೆದಿಟ್ಟು ಹಮ್ಮಣ್ಣ ಮಾವ
ಬೈತಖೋಲದ ದೋಣಿಗಳಿಗೆ ಬೆನ್ನು ಹಾಕಿ ಕೂತಿದ್ದ.
ಹೊರಗೆ ಮಂಜುಗಡ್ಡೆ ಪುಡಿಮಾಡುವ ಯಂತ್ರ, ಕರಕರ.

ಪಲ್ಟನ್ನಿನಲ್ಲಿ ಹದಿನೆಂಟು ವರ್ಷ ಬಂದೂಕು ರಿಪೇರಿ.
ಈಗ ರೈಫಲ್ ಕ್ಲಬ್ಬಿಗೆ ತೋಟಾ ತುಂಬಿಕೊಡುತ್ತಾನೆ,
ಲೈಸನ್ಸು ತಕ್ಕಡಿಯ ಪಕ್ಕ, ಪ್ಲಾಸ್ಟಿಕ್ಕಿನೊಳಗೆ.

"ಕೈಯಿಂದ ಚಿಲಕ ಎಳೆಯುವ ಬಂದೂಕಿಗೆ
ಯಾವುದಾದರೂ ಆದೀತು.
ಇದು ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ಜಾತಿ, ಮಾರಾಯ್ತಿ.
ಬೋಲ್ಟು ದಡಕ್ಕನೆ ಮುಂದೆ ಬಂದಾಗ
ಒಳಗಿನ ಸೂಜಿ ಸುಮ್ಮನಿರದು,
ಕೇಪನ್ನೊಮ್ಮೆ ಮುಟ್ಟಿ ನೋಡುತ್ತದೆ."

ಹಾರಿಸದೆ ಹೊರತೆಗೆದ ತೋಟಾ ಒಂದು
ನನ್ನ ಅಂಗೈಗೆ ಬಂತು.
ಬುಡದಲ್ಲಿ ಗುಳಿ,
ಇರುವೆ ಕಚ್ಚಿ ಬಿಟ್ಟಷ್ಟು.

"ಮೆತ್ತಗಿನದಾದರೆ ಇಷ್ಟಕ್ಕೇ ಸಿಡಿದೀತು,
ಟ್ರಿಗರಿನ ಮೇಲೆ ಯಾರ ಬೆರಳೂ ಇಲ್ಲದೆ.
ಗಟ್ಟಿ ತಗಡಿನದು ಬೇಕು. ಮುಟ್ಟಿದರೆ ತಡೆಯುವಂಥದು,
ಹೊಡೆದರೆ ಮಾತ್ರ ಓ ಅನ್ನುವಂಥದು."

ಮೊನ್ನೆ ಮಂಜಿನ ಲೆಕ್ಕದಲ್ಲಿ
ಯಾರೋ ಒಂದು ಮಾತು ತಾಗಿಸಿದ್ದಕ್ಕೆ
ಇಡೀ ಬಂದರು ಕೇಳುವಂತೆ ಕೂಗಿದವಳು ನಾನು.
ಅವನಿಗೆ ಗೊತ್ತು. ಎತ್ತಲಿಲ್ಲ.

"ಗಟ್ಟಿಯದು ಹೊಡೆದರೂ ಸುಮ್ಮನೇ ಇದ್ದರೆ, ಮಾವ?"

ಕನ್ನಡಕ ತೆಗೆದು ಒರೆಸಿದ.
"ಅದೂ ಉಂಟು," ಅಂದ. "ಹಿಮದಲ್ಲಿ ಒಮ್ಮೆ..."
ಮುಂದೆ ಹೇಳಲಿಲ್ಲ.
ಕೂರಿಸಿದ ಕೇಪಿನ ಮೇಲೆ ಹೆಬ್ಬೆರಳು ಸವರಿದ,
ಅಂಚಿಗಿಂತ ಕೂದಲೆಳೆ ಕೆಳಗಿದೆಯೇ ಎಂದು;
ಮತ್ತೊಮ್ಮೆ ಸವರಿದ.
ಮಂಜಿನ ಯಂತ್ರ ಅಷ್ಟರಲ್ಲಿ ನಿಂತಿತ್ತು.