ಸಲ್ಫಾ ಆಗುವುದಿಲ್ಲ

ಚೀಟಿಯ ಮೇಲೆ ಕೆಂಪು ಶಾಯಿ,
ಅಡಿಗೆರೆ ಎರಡು ಸಲ:
ಸಲ್ಫಾ ಆಗುವುದಿಲ್ಲ.

ಕಸಬಾ ಬೆಂಗರೆಯ ಪುತ್ತುಮೋನು ಅದನ್ನು
ಹನ್ನೊಂದು ವರ್ಷದಿಂದ ಕಿಸೆಯಲ್ಲಿಟ್ಟಿದ್ದಾರೆ,
ಪ್ಲಾಸ್ಟಿಕ್ ಹೊದಿಸಿ, ರೇಷನ್ ಕಾರ್ಡಿಗೆ ಅಂಟಿಸಿ.

ಪಣಂಬೂರಿನ ಧಕ್ಕೆಯಲ್ಲಿ ಇಪ್ಪತ್ತೆರಡು ಮಳೆಗಾಲ
ಹಳದಿ ಗುಡ್ಡೆ ಬಗೆದು ಲಾರಿಗೆ ತುಂಬಿದವರು.
ಮೂಗೊಳಗೆ ಹಳದಿ, ಉಗುರೊಳಗೆ ಹಳದಿ,
ಮದುವೆಯ ದಿನವೂ ಕಿವಿಯ ಹಿಂದೆ ಒಂದು ಚಿಟಿಕೆ.
ಆಗ ಏನೂ ಆಗಲಿಲ್ಲ.
ಕೆಲಸ ಬಿಟ್ಟ ಮೇಲೆ, ಉರಿಮೂತ್ರಕ್ಕೆಂದು ಕೊಟ್ಟ
ಬಿಳಿ ಮಾತ್ರೆ ನಾಲ್ಕನೇ ದಿನಕ್ಕೆ ಬಾಯೆಲ್ಲ ಬೊಕ್ಕೆ ಎಬ್ಬಿಸಿತು,
ತುಟಿ ಈರುಳ್ಳಿಯ ಹಾಗೆ ಸುಲಿದು ಬಂತು.

ಅವರೇ ಲೆಕ್ಕ ಹಾಕಿಕೊಂಡರು:
ತಿಂದ ಸಲ್ಫರ್ ಈಗ ವಸೂಲಿಗೆ ಬಂದಿದೆ.
ಯಾರೋ ಹೇಳಿದರು, ಬೆಳ್ಳುಳ್ಳಿಯಲ್ಲಿ ಅದು ಉಂಟು.
ಬಿಟ್ಟರು. ನೀರುಳ್ಳಿಯಲ್ಲಿ. ಬಿಟ್ಟರು.
ಮೊಟ್ಟೆಯಲ್ಲಿ ಉಂಟೆಂದು ಅವರ ಮೂಗೇ ಹೇಳಿತು.
ಮನೆಯಲ್ಲಿ ಬಂಗುಡೆಗೆ ಎರಡು ಪಾತ್ರೆ:
ಒಂದು ಎಲ್ಲರದು, ಒಂದು ಇವರದು, ಸಪ್ಪೆ.

ನಾನು ರಕ್ತ ತೆಗೆಯುವವಳು.
ದೇರಳಕಟ್ಟೆಯ ಲ್ಯಾಬು, ಬೆಳಿಗ್ಗೆ ಎಂಟೂವರೆ.
ಟ್ಯೂಬು ತುಂಬುವುದನ್ನೇ ನೋಡುತ್ತ ಕೇಳಿದರು:
"ಬಾಯಮ್ಮ, ಇದರಲ್ಲಿ ಸಲ್ಫರ್ ಇಲ್ಲ ಅಲ್ಲವಾ?"

ಇಲ್ಲ ಎನ್ನಬಹುದಿತ್ತು. ಹೊರಗೆ ಸಾಲು ಬೇರೆ.
"ಉಂಟು" ಎಂದೆ.

ಸೂಜಿಯಿದ್ದ ಕೈ ನಡುಗಿತು.

ಹೇಗೆ ಹೇಳಲಿ? ಮಧ್ಯಾಹ್ನಗಳಲ್ಲಿ ನಾನು
ಮೇಲಿನ ಮಾಳಿಗೆಯಲ್ಲಿ ಒಂದು ಸೀಸೆ ತೆರೆಯುತ್ತೇನೆ,
ಕ್ಯಾಂಟೀನಿನವರೂ ಬೈಯುವ ವಾಸನೆ.
ರಕ್ತದಿಂದ ಸೋಸಿ ತೆಗೆದ ಕಾವಲಿನ ಕಣಕ್ಕೆ
ಅದರದೊಂದು ಹನಿ ಬಿಟ್ಟು ಕುದಿಸಿದರೆ
ಜೆಲ್ಲಿನ ಮೇಲೆ ಒಂದಿದ್ದ ಗೆರೆ ಎರಡಾಗುತ್ತದೆ:
ಮೇಲೊಂದು ಭಾರದ್ದು, ಕೆಳಗೊಂದು ಹಗುರದ್ದು.
ಬೆಸೆದದ್ದು ಗಂಧಕ. ಬಿಡಿಸಿದ್ದೂ ಗಂಧಕ.
ಮುಳ್ಳು ತೆಗೆಯುವ ಮುಳ್ಳಿಗೆ ನಾರುವ ಹಕ್ಕುಂಟು.

ಇದನ್ನೆಲ್ಲ ಧಕ್ಕೆಯ ಭಾಷೆಗೆ ತಿರುಗಿಸಿದೆ.
"ಒಂದು ಗ್ಯಾಂಗ್ ಅಂದುಕೊಳ್ಳಿ. ನಾಲ್ಕು ಜನ.
ಇಬ್ಬರು ದಪ್ಪದವರು, ಇಬ್ಬರು ಸಪೂರದವರು.
ಹೊರಗಿನ ರೋಗ ಬಂದರೆ ಹಿಡಿಯುವುದು ಇವರೇ.
ಒಬ್ಬರ ಕೈಯನ್ನೊಬ್ಬರು ಹಿಡಿದಿದ್ದಾರಲ್ಲ,
ಆ ಹಿಡಿತ ನಿಮ್ಮ ಹಳದಿ ಗುಡ್ಡೆಯದ್ದು."

"ಮತ್ತೆ ನನ್ನ ಬಾಯಿ ಸುಟ್ಟದ್ದು?"

"ಸಲ್ಫಾ ಬೇರೆ, ಸಲ್ಫರ್ ಬೇರೆ.
ಹೆಸರು ಒಂದೇ ಕುಟುಂಬದ್ದು, ಗುಣ ಒಂದೇ ಅಲ್ಲ.
ಆ ಮಾತ್ರೆಯ ಮುಖ ಕಂಡು ಹೆದರಿದ ನಿಮ್ಮದೇ ಕಾವಲು
ಕಳ್ಳನನ್ನು ಓಡಿಸಲು ಮನೆಗೇ ಬೆಂಕಿ ಹಚ್ಚಿತು.
ಆಗುವುದಿಲ್ಲ ಎಂದು ಕೂಗಿದ ಆ ಕಾವಲಿನ ಕೈಕಟ್ಟಿನಲ್ಲೂ
ಅದೇ ಗಂಧಕ ಇತ್ತು."

ನಮ್ಮಮ್ಮ ಕಜ್ಜಿಗೆ ಗಂಧಕ ಅರೆದು
ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದಳು.
ಐದು ಮಕ್ಕಳು ಜಗಲಿಯಲ್ಲಿ ಬೆತ್ತಲೆ, ಹಳದಿ,
ನಾರುತ್ತ, ನಗುತ್ತ, ಶಾಲೆಗೆ ರಜೆ.
ಅದನ್ನು ಅವರಿಗೆ ಹೇಳಲಿಲ್ಲ.

"ಚೀಟಿ ಬಿಸಾಡಬೇಡಿ. ಆ ಮಾತ್ರೆ ಎಂದಿಗೂ ಬೇಡ.
ಬೆಳ್ಳುಳ್ಳಿ ತಿನ್ನಬಹುದು. ನನ್ನ ಮಾತು ಸಾಲದಿದ್ದರೆ
ಒಳಗೆ ಡಾಕ್ಟರಲ್ಲಿ ಕೇಳಿ."

ನಕ್ಕಾರು ಅಂದುಕೊಂಡಿದ್ದೆ.
ಅವರು ಗೋಡೆಯ ಗಡಿಯಾರ ನೋಡಿದರು,
ಫೆರಿಗೆ ಹೊತ್ತಾಯಿತೋ ಎಂಬಂತೆ.

"ಹನ್ನೊಂದು ವರ್ಷ ಬೀಪಾತುಮ್ಮ
ದಿನಾ ಎರಡು ಪಾತ್ರೆ ತಿಕ್ಕಿದ್ದಾಳೆ.
ಅವಳಿಗೆ ಎಂತ ಹೇಳುವುದು, ಬಾಯಮ್ಮ?"

ಅದಕ್ಕೆ ನನ್ನ ಮಾಳಿಗೆಯಲ್ಲಿ ಸೀಸೆ ಇರಲಿಲ್ಲ.
ಮುಂದಿನವರನ್ನು ಕರೆದೆ.
ಬಾಗಿಲಾಚೆ ಬೆಂಚಿನಲ್ಲಿ ಕೂತಿದ್ದರು ಬಹಳ ಹೊತ್ತು,
ಚುಚ್ಚಿದಲ್ಲಿ ಹತ್ತಿ ಒತ್ತಿ ಹಿಡಿದು.
ರಕ್ತ ಯಾವಾಗಲೋ ನಿಂತಿತ್ತು.